ಅರೆಯದೆ, ಒಡೆಯದೆ

1980ರಲ್ಲಿ ಬೀಜಿಂಗಿನಿಂದ ಸ್ಟಾಕ್‌ಹೋಮಿಗೆ ಬಂದ ಝಾಂಗ್ ಮಿಮಾನ್ ಅವರ ಬಳಿ ಒಂದು ಮೀನಿನ ತಲೆಬುರುಡೆ ಇತ್ತು. ಉದ್ದ 2.8 ಸೆಂಟಿಮೀಟರ್, ವಯಸ್ಸು ಸುಮಾರು 40 ಕೋಟಿ ವರ್ಷ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಸಿಕ್ಕ ಈ ಮೀನಿಗೆ ಮುಂದೆ ಯಂಗೊಲೆಪಿಸ್ ಎಂದು ಹೆಸರಾಯಿತು. ನರಗಳು ಹಾದುಹೋದ ಕೊಳವೆಗಳು, ರಕ್ತನಾಳದ ಜಾಡು, ಮೂಗಿನ ದಾರಿ, ಮಿದುಳು ಕೂತಿದ್ದ ಪೊಳ್ಳು ಎಲ್ಲವೂ ಆ ಪುಟ್ಟ ಬುರುಡೆಯೊಳಗೆ ಕಲ್ಲು ತುಂಬಿಕೊಂಡು ಉಳಿದಿದ್ದವು. ಅವನ್ನು ಕಾಣಲು ಆಗ ನೆಚ್ಚಬಹುದಾಗಿದ್ದ ದಾರಿ ಒಂದೇ. ಬುರುಡೆಯನ್ನು ತೇಯಬೇಕು.

ಗಂಧದ ಕೊರಡು ತೇಯ್ದ ಹಾಗೆ, ಆದರೆ ಅಳತೆಯಿಟ್ಟು. ಒಂದು ಪದರ ತೇಯುವುದು, ಹೊಸದಾಗಿ ಕಂಡ ಮೈಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ದೊಡ್ಡದಾಗಿ ಚಿತ್ರ ಬರೆಯುವುದು, ಮತ್ತೆ ತೇಯುವುದು. ಝಾಂಗ್ ಬರೆದದ್ದು 540ಕ್ಕೂ ಹೆಚ್ಚು ಚಿತ್ರಗಳು. 28 ಮಿಲಿಮೀಟರ್ ಬುರುಡೆಗೆ ಅಷ್ಟು ಚಿತ್ರವೆಂದರೆ ಪ್ರತಿ ಸಲ ಸವೆಸಿದ್ದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ಆಮೇಲೆ ಒಂದೊಂದು ಚಿತ್ರವನ್ನೂ ಮೇಣದ ಹಾಳೆಯ ಮೇಲೆ ಮೂಡಿಸಿ, ಅಂಚು ಕತ್ತರಿಸಿ, ಒಂದರ ಮೇಲೊಂದು ಪೇರಿಸಿದರೆ ಬುರುಡೆಯ ದೊಡ್ಡ ಮಾದರಿ ಎದ್ದು ನಿಲ್ಲುತ್ತದೆ. ಎರಡು ವರ್ಷದ ದುಡಿಮೆ. ಮಾದರಿ ಮುಗಿಯುವ ಹೊತ್ತಿಗೆ ಅಸಲು ಬುರುಡೆ ಪುಡಿಯಾಗಿರುತ್ತದೆ.

ಈ ಪುಡಿಗೆ ತಕ್ಕ ಫಲವೂ ಸಿಕ್ಕಿತು. ನಾಲ್ಕು ಕಾಲಿನ ಪ್ರಾಣಿಗಳ ಪೂರ್ವಜರ ಬಳಗದ ಮೀನುಗಳಿಗೆ ಬಾಯಿಯೊಳಕ್ಕೆ ತೆರೆಯುವ ಮೂಗಿನ ಹೊಳ್ಳೆ ಇತ್ತೆಂದು ಸ್ಟಾಕ್‌ಹೋಮಿನ ಹಿರಿಯರು ದಶಕಗಳಿಂದ ಬರೆದುಕೊಂಡು ಬಂದಿದ್ದರು. ಝಾಂಗ್ ತೇಯ್ದ ಬುರುಡೆಯಲ್ಲಿ ಅದು ಇರಲಿಲ್ಲ. ಅವರದೇ ಮನೆಯಲ್ಲಿ, ಅವರದೇ ವಿಧಾನದಿಂದ ಅವರ ಮಾತಿಗೆ ಎದುರು ನಿಂತ ಪ್ರಬಂಧ ಅದು. 2018ರಲ್ಲಿ ಯುನೆಸ್ಕೊ ಮತ್ತು ಲೊರಿಯಲ್ ಸೇರಿ ಕೊಡುವ ಮಹಿಳಾ ವಿಜ್ಞಾನಿಗಳ ಪ್ರಶಸ್ತಿ ಝಾಂಗ್ ಅವರಿಗೆ ಬಂತು.

ತೇಯುವ ಈ ವಿದ್ಯೆ ಹುಟ್ಟಿದ್ದು ಸ್ವೀಡನ್ನಿನಲ್ಲಲ್ಲ, ಇಂಗ್ಲೆಂಡಿನಲ್ಲಿ. ಆಕ್ಸ್‌ಫರ್ಡಿನ ಭೂವಿಜ್ಞಾನಿ ವಿಲಿಯಂ ಸೊಲಾಸ್ 1903ರಲ್ಲಿ ಇದನ್ನು ವಿವರಿಸಿ ಬರೆದರು. ಅದಕ್ಕಾಗಿಯೇ ಮಾಡಿಸಿದ ಯಂತ್ರ ಸಮ ಅಂತರದಲ್ಲಿ ಕಲ್ಲನ್ನು ಸವೆಸುತ್ತಿತ್ತು. ಮಗಳು ಇಗರ್ನಾ ಜೊತೆ ಸೇರಿ ಅವರು ಡೈಸಿನೊಡಾನ್ ಎಂಬ ಪ್ರಾಣಿಯ ಇಡೀ ತಲೆಬುರುಡೆಯನ್ನು ಹೀಗೆ ತೇಯ್ದು ಮುಗಿಸಿದರು. ಸ್ಟಾಕ್‌ಹೋಮಿನ ಎರಿಕ್ ಸ್ಟೆನ್ಶಿಯೊ ಈ ಕಸುಬನ್ನು ಒಂದು ಪರಂಪರೆಯಾಗಿ ಬೆಳೆಸಿದರು. ಸ್ಪಿಟ್ಸ್‌ಬರ್ಗೆನ್ ದ್ವೀಪದ ದವಡೆಯಿಲ್ಲದ ಮೀನುಗಳ ಬಗ್ಗೆ 1927ರಲ್ಲಿ ಅವರು ಹೊರತಂದ ಗ್ರಂಥ ಆ ಮೀನುಗಳ ಮಿದುಳಿನ ಆಕಾರ, ತಲೆಯ ನರಗಳ ಹರಹು ಎಲ್ಲವನ್ನೂ ತೋರಿಸಿ ಓದಿದವರನ್ನು ಬೆರಗಾಗಿಸಿತು. ಅವರ ನಂತರದ ಎರಿಕ್ ಯಾರ್ವಿಕ್ ಕೆನಡಾದ ಮಿಗ್ವಾಶಾದಲ್ಲಿ ಸಿಕ್ಕ ಯೂಸ್ತೆನೊಪ್ಟೆರಾನ್ ಎಂಬ ಮೀನಿನ ಬುರುಡೆಯನ್ನು ತೇಯ್ದು, ಮೇಣದಲ್ಲಿ ಮರಳಿ ಕಟ್ಟಿ, ಅದರ ಮೇಲೆ ದಶಕಗಟ್ಟಲೆ ಬರೆದರು.

ಕೊರತೆ ಕಣ್ಣಿಗೆ ಹೊಡೆಯುವಂತಿತ್ತು. ಇನ್ನೊಬ್ಬ ಬಂದು "ಆ ಕೊಳವೆ ನಿಜಕ್ಕೂ ಅಲ್ಲಿತ್ತೇ?" ಎಂದು ಕೇಳಿದರೆ ತೋರಿಸಲು ಕಲ್ಲಿಲ್ಲ. ಇರುವುದು ಬರೆದವನ ಚಿತ್ರ, ಅವನ ಕಣ್ಣು, ಅವನ ಕೈ. ಎರಡು ಪದರಗಳ ನಡುವೆ ಕಳೆದುಹೋದದ್ದಕ್ಕೆ ಲೆಕ್ಕವೇ ಇಲ್ಲ. ಹೀಗಾಗಿ ಒಂದೇ ಒಂದು ಮಾದರಿ ಇರುವ ಪ್ರಾಣಿಯನ್ನು ತೇಯಲು ಸಾಮಾನ್ಯವಾಗಿ ಯಾರೂ ಮುಂದಾಗುತ್ತಿರಲಿಲ್ಲ. ಎರಡು ಮೂರು ಇದ್ದರೆ ಒಂದನ್ನು ಬಲಿಕೊಡಬಹುದಿತ್ತು. ಅತ್ಯಂತ ಅಪರೂಪದ ಪಳೆಯುಳಿಕೆಗಳೇ ಅತ್ಯಂತ ಕಡಿಮೆ ತಿಳಿದ ಪಳೆಯುಳಿಕೆಗಳಾಗಿ ಉಳಿದದ್ದು ಹೀಗೆ.

ಸೂಕ್ಷ್ಮ ಜೀವಿಗಳ ಪಳೆಯುಳಿಕೆಗೆ ಇದರ ತಮ್ಮನಂಥ ವಿಧಾನವೊಂದಿತ್ತು. ಕಲ್ಲಿನ ತೆಳು ಹಾಳೆ ಕೊಯ್ದು, ಗಾಜಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗಾಗುವವರೆಗೆ ತೇಯುವುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಎಲ್. ರಾಮರಾವ್ ಅವರು ಯೂಲಿಯಸ್ ಪಿಯಾ ಜೊತೆ 1936ರಲ್ಲಿ ಪ್ರಕಟಿಸಿದ ತಿರುಚಿರಾಪಳ್ಳಿ ಸೀಮೆಯ ನಿನಿಯೂರು ಪಾಚಿಗಳ ಅಧ್ಯಯನದಂಥ ಕೆಲಸಗಳು ನಿಂತಿದ್ದು ಇಂಥ ಹಾಳೆಗಳ ಮೇಲೆ. ಪಾಚಿಯ ಕಲ್ಲು ಬಂಡೆಗಟ್ಟಲೆ ಸಿಗುತ್ತದೆ, ಹಾಗಾಗಿ ಅಲ್ಲಿ ನಷ್ಟದ ಚಿಂತೆ ಅಷ್ಟಿಲ್ಲ. ತಲೆಬುರುಡೆಯ ಮಾತು ಬೇರೆ.

ಅರೆಯದೆ ಒಳಗನ್ನು ನೋಡುವ ಆಸೆ ಎಕ್ಸ್‌ರೇ ಜೊತೆಗೇ ಹುಟ್ಟಿತು. 1895ರ ಕೊನೆಗೆ ರಂಟ್‌ಗನ್ ತಮ್ಮ ಶೋಧವನ್ನು ಪ್ರಕಟಿಸಿದರು. ಮರುವರ್ಷವೇ ಪಳೆಯುಳಿಕೆಗಳನ್ನು ಆ ಕಿರಣದೆದುರು ಇಟ್ಟು ನೋಡಿದವರಿದ್ದರು. 1906ರಲ್ಲಿ ಬರ್ಲಿನ್ನಿನ ವಿಲ್ಹೆಲ್ಮ್ ಬ್ರಾಂಕೊ ಈ ಬಗ್ಗೆ ಪ್ರತ್ಯೇಕ ಪ್ರಬಂಧವನ್ನೇ ಬರೆದರು. ಆದರೆ ಕಲ್ಲು ದೇಹವಲ್ಲ. ಕೈಯನ್ನು ಎಕ್ಸ್‌ರೇಗೆ ಒಡ್ಡಿದರೆ ಮಾಂಸ ಮಾಯವಾಗಿ ಎಲುಬು ಉಳಿಯುತ್ತದೆ. ಪಳೆಯುಳಿಕೆಯಲ್ಲಿ ಎಲುಬೂ ಕಲ್ಲು, ಸುತ್ತಲಿನದೂ ಕಲ್ಲು. ಮೇಲಾಗಿ ಒಂದೇ ಹಾಳೆಯ ಮೇಲೆ ಮುಂದಿನದು, ಹಿಂದಿನದು, ನಡುವಿನದು ಎಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಒಂದು ಜಾಗದಲ್ಲಿ ಮಾತ್ರ ಪ್ರಕೃತಿಯೇ ನೆರವಿಗೆ ಬಂತು. ಜರ್ಮನಿಯ ಹುನ್ಸ್‌ರ್ಯೂಕ್ ಬೆಟ್ಟಸೀಮೆಯ ಬುಂಡೆನ್‌ಬಾಖ್ ಊರಿನ ಸುತ್ತ ಮನೆಯ ಮಾಡಿಗೆ ಹೊದಿಸುವ ಕಪ್ಪು ಸ್ಲೇಟುಕಲ್ಲನ್ನು ಬಹಳ ಕಾಲದಿಂದ ಅಗೆಯುತ್ತಿದ್ದರು. ಅಲ್ಲಿ ಸುಮಾರು 40 ಕೋಟಿ ವರ್ಷ ಹಳೆಯ ಕಡಲಜೀವಿಗಳ ಮೈ ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್ ಆಗಿ ಮಾರ್ಪಟ್ಟಿದೆ. ಪೈರೈಟ್ ಎಕ್ಸ್‌ರೇಯನ್ನು ಚೆನ್ನಾಗಿ ತಡೆಯುತ್ತದೆ, ಸ್ಲೇಟು ಬಿಟ್ಟುಕೊಡುತ್ತದೆ. ಸೀಮೆನ್ಸ್ ಕಂಪನಿಯಲ್ಲಿ ಎಕ್ಸ್‌ರೇ ಪರಿಣತರಾಗಿದ್ದ ವಿಲ್ಹೆಲ್ಮ್ ಸ್ಟ್ಯೂರ್ಮರ್ 1960ರ ದಶಕದಿಂದ ಇಲ್ಲಿನ ಚಪ್ಪಡಿಗಳನ್ನು ಸೀಳದೆಯೇ ಫಿಲ್ಮಿಗೆ ಇಳಿಸತೊಡಗಿದರು. ನಕ್ಷತ್ರಮೀನಿನ ತೋಳು, ಟ್ರೈಲೊಬೈಟಿನ ಕಾಲು, ಮೃದು ಅಂಗಾಂಗ ಕೂಡ ಅವರ ಫಿಲ್ಮಿನಲ್ಲಿ ಮೂಡಿದವು.

ಟ್ರೈಲೊಬೈಟಿನ ಕಣ್ಣಿನ ಕೆಳಗೆ ಎಳೆಎಳೆಯಾಗಿ ಏನೋ ಕಾಣುತ್ತಿದೆ, ಅದು ನೋಟಕ್ಕೆ ಸೇರಿದ ಅಂಗ ಎಂದು ಸ್ಟ್ಯೂರ್ಮರ್ ವಾದಿಸಿದರು. ಸಮಕಾಲೀನರು ಒಪ್ಪಲಿಲ್ಲ. ವೃತ್ತಿಯಿಂದ ಪಳೆಯುಳಿಕೆ ವಿಜ್ಞಾನಿಯಲ್ಲದವರು ಹೇಳಿದ್ದಕ್ಕೆ ಸಿಗುವ ಮರ್ಯಾದೆ ಎಷ್ಟೆಂಬುದು ಎಲ್ಲ ದೇಶಕ್ಕೂ ಗೊತ್ತಿರುವ ವಿಷಯ. 1986ರಲ್ಲಿ ಅವರು ತೀರಿಕೊಂಡರು. 2021ರಲ್ಲಿ ಕಲೋನ್ ವಿಶ್ವವಿದ್ಯಾಲಯದ ಬ್ರಿಗಿಟ್ ಶೋನೆಮನ್ ಮತ್ತು ಸಂಗಡಿಗರು ಆ ಹಳೆಯ ಫಿಲ್ಮುಗಳನ್ನು ಮತ್ತೆ ಹೊರತೆಗೆದು ನೋಡಿದರು. ಫಾಕೊಪ್ಸ್ ಗುಂಪಿನ ಟ್ರೈಲೊಬೈಟಿನ ಒಂದೊಂದು ದೊಡ್ಡ ಮಸೂರದ ಅಡಿಯಲ್ಲೂ ಒಂದೊಂದು ಪುಟ್ಟ ಸಂಯುಕ್ತ ನೇತ್ರವೇ ಇತ್ತೆಂದು ಅವರು ಬರೆದರು. ಸ್ಟ್ಯೂರ್ಮರ್ ಕಂಡದ್ದು ಭ್ರಮೆಯಾಗಿರಲಿಲ್ಲ. ತೇಯ್ದು ನೋಡಿದ್ದರೆ ನಲವತ್ತು ವರ್ಷದ ಮೇಲೆ ಮರುಪರೀಕ್ಷೆಗೆ ಉಳಿಯುತ್ತಿದ್ದುದು ಚಿತ್ರಗಾರನ ಗೆರೆ ಮಾತ್ರ. ಇಲ್ಲಿ ಉಳಿದಿದ್ದು ಕಿರಣವೇ ಬರೆದ ಗುರುತು.

ಕಲಸಿಹೋಗುವ ನೆರಳುಗಳನ್ನು ಬಿಡಿಸುವ ಉಪಾಯ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಯೋಚಿಸಿದ್ದು ಹೀಗೆ. ಒಂದೇ ದಿಕ್ಕಿನಿಂದಲ್ಲ, ಸುತ್ತ ನೂರಾರು ಕೋನಗಳಿಂದ ಕಿರಣ ಹಾಯಿಸಿ, ಪ್ರತಿ ಸಲ ಎಷ್ಟು ತಡೆದುಕೊಂಡಿತೆಂದು ಅಳೆದರೆ, ಒಳಗಿನ ಪ್ರತಿ ಬಿಂದುವಿನ ಸಾಂದ್ರತೆಯನ್ನು ಗಣಿತದಿಂದ ಹೊರತೆಗೆಯಬಹುದು. ಪ್ರಯೋಗಾಲಯದ ಮೊದಲ ಯಂತ್ರಕ್ಕೆ ಒಂದು ವಸ್ತುವನ್ನು ಅಳೆಯಲು 9 ದಿನ ಬೇಕಾಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಬಳಿಯ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಸಿ.ಟಿ. ಸ್ಕ್ಯಾನ್ ಮಾಡಲಾಯಿತು. ಬೀಟಲ್ಸ್ ರೆಕಾರ್ಡುಗಳಿಂದ ಇಎಂಐ ಗಳಿಸಿದ ದುಡ್ಡಿನಿಂದಲೇ ಸ್ಕ್ಯಾನರ್ ಹುಟ್ಟಿತೆಂಬ ಕತೆ ಕೇಳಲು ಸೊಗಸು, ಪೂರ್ತಿ ನಿಜವಲ್ಲ. ಬ್ರಿಟನ್ನಿನ ಆರೋಗ್ಯ ಇಲಾಖೆಯೂ ಇದಕ್ಕೆ ಕೈಬಿಚ್ಚಿ ಹಣ ಹಾಕಿತ್ತು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಇದರ ಗಣಿತವನ್ನು ಬೇರೆಯಾಗಿ ಬಿಡಿಸಿದ್ದ ಅಲನ್ ಕಾರ್ಮ್ಯಾಕ್ ನೊಬೆಲ್ ಹಂಚಿಕೊಂಡರು.

ಮನುಷ್ಯರಿಗೆಂದು ಮಾಡಿದ ಯಂತ್ರದಲ್ಲಿ ಕಲ್ಲನ್ನು ಮಲಗಿಸಿದವರಲ್ಲಿ ಮೊದಲಿಗೆ ನೆನೆಯಬೇಕಾದವರು ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗ್ಲೆನ್ ಕಾನ್ರಾಯ್ ಮತ್ತು ಮೈಕೆಲ್ ವ್ಯಾನಿಯರ್. ಕಾನ್ರಾಯ್ ಅಂಗರಚನಾ ತಜ್ಞ. ವ್ಯಾನಿಯರ್ ರೇಡಿಯಾಲಜಿಸ್ಟ್. ಮುಖದ ಎಲುಬು ವಕ್ರವಾಗಿ ಹುಟ್ಟಿದವರ ಶಸ್ತ್ರಚಿಕಿತ್ಸೆಗೆ ಮುನ್ನ ಸಿ.ಟಿ. ಪದರಗಳನ್ನು ಜೋಡಿಸಿ ಮೂರು ಆಯಾಮದ ಚಿತ್ರ ಕಟ್ಟುವುದು ಅವರ ಕೆಲಸವಾಗಿತ್ತು. ಅದೇ ಉಪಾಯವನ್ನು ಇಬ್ಬರೂ ಸೇರಿ ಸುಮಾರು 3 ಕೋಟಿ ವರ್ಷ ಹಿಂದಿನ ಒರಿಯೊಡಾಂಟ್ ಎಂಬ ಗೊರಸಿನ ಪ್ರಾಣಿಯ ಬುರುಡೆಗೆ ಹೂಡಿ, 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಒಳಗೆ ತುಂಬಿದ್ದ ಕಲ್ಲನ್ನು ಮುಟ್ಟದೆ, ಕಂಪ್ಯೂಟರಿನಲ್ಲೇ ತೆಗೆದುಹಾಕಿ, ಮಿದುಳಿನ ಪೊಳ್ಳನ್ನು ಅಳೆದದ್ದು ಆ ಲೇಖನದ ತಿರುಳು.

ಮೂರು ವರ್ಷದ ಮೇಲೆ ಅವರ ಕೈಗೆ ಬಂದದ್ದು ಟಾಂಗ್ ಮಗು. 1924ರಲ್ಲಿ ದಕ್ಷಿಣ ಆಫ್ರಿಕಾದ ಸುಣ್ಣದ ಗಣಿಯಲ್ಲಿ ಸಿಕ್ಕಿ, ಮರುವರ್ಷ ರೇಮಂಡ್ ಡಾರ್ಟ್ ಅದಕ್ಕೆ ಆಸ್ಟ್ರಲೊಪಿತಿಕಸ್ ಎಂದು ಹೆಸರಿಟ್ಟಂದಿನಿಂದ ಆ ಮಗುವಿನ ವಯಸ್ಸನ್ನು ಮನುಷ್ಯರ ಮಕ್ಕಳ ಹಲ್ಲಿನ ಲೆಕ್ಕದಲ್ಲಿ ಐದಾರು ವರ್ಷದ ಮೇಲೆಂದೇ ಹಿಡಿದಿದ್ದರು. ಇನ್ನೂ ಹುಟ್ಟದ ಹಲ್ಲುಗಳು ದವಡೆಯೊಳಗೆ ಯಾವ ಹಂತದಲ್ಲಿವೆ ಎಂದು ನೋಡಲು ದವಡೆ ಒಡೆಯುವ ಪ್ರಶ್ನೆಯೇ ಇರಲಿಲ್ಲ. ಆ ಜಾತಿಗೆ ಹೆಸರು ಕೊಟ್ಟ ಬುರುಡೆಯೇ ಅದು. ಸ್ಕ್ಯಾನ್ ತೋರಿಸಿದ ಹಲ್ಲುಗಳ ಬೆಳವಣಿಗೆ ಮನುಷ್ಯರದ್ದಕ್ಕಿಂತ ವಾನರರದ್ದಕ್ಕೆ ಹತ್ತಿರವಾಗಿತ್ತು. ವಾನರರಂತೆ ಬೇಗ ಬೆಳೆದ ಮಗುವಾದರೆ ಸಾಯುವಾಗ ಅದಕ್ಕೆ ಮೂರು ನಾಲ್ಕು ವರ್ಷವಷ್ಟೇ. ಮನುಷ್ಯರ ದೀರ್ಘ ಬಾಲ್ಯ ಯಾವಾಗ ಶುರುವಾಯಿತು ಎಂಬ ದೊಡ್ಡ ಪ್ರಶ್ನೆಗೆ ಒಂದು ಸಣ್ಣ ದವಡೆ ಸಾಕ್ಷಿ ನುಡಿಯಿತು.

ಈ ಕಲ್ಲಿನ ರೋಗಿಗಳಿಂದ ರೇಡಿಯಾಲಜಿಸ್ಟರಿಗೆ ಒಂದು ಅನುಕೂಲವಿತ್ತು. ಇವರು ಅಲುಗುವುದಿಲ್ಲ, ಉಸಿರಾಡುವುದಿಲ್ಲ, ವಿಕಿರಣ ಜಾಸ್ತಿಯಾಯಿತೆಂದು ಯಾರೂ ದೂರು ಕೊಡುವುದಿಲ್ಲ. ಅನಾನುಕೂಲವೂ ಇತ್ತು. ಆಸ್ಪತ್ರೆಯ ಯಂತ್ರದ ಅಳತೆಪಟ್ಟಿಯಲ್ಲಿ ಗಾಳಿಗೆ ಮೈನಸ್ 1000, ನೀರಿಗೆ ಸೊನ್ನೆ. ಮನುಷ್ಯನ ದೇಹಕ್ಕೆ ಹೊಂದಿಸಿದ ಈ ಪಟ್ಟಿ ಕಬ್ಬಿಣ ಬೆರೆತ ಕಲ್ಲಿನೆದುರು ತಬ್ಬಿಬ್ಬಾಗುತ್ತದೆ, ಚಿತ್ರದ ತುಂಬ ಗೆರೆಗಳು ಏಳುತ್ತವೆ. ದಪ್ಪ ಕಲ್ಲನ್ನು ದಾಟುವ ಶಕ್ತಿ ಆ ಕಿರಣಕ್ಕಿಲ್ಲ.

ಆದರೂ ಅದರಿಂದ ಆದ ಕೆಲಸ ಕಡಿಮೆಯದಲ್ಲ. 1995ರಲ್ಲಿ ನ್ಯೂಮೆಕ್ಸಿಕೋದಲ್ಲಿ ತಲೆಯ ಹಿಂದಕ್ಕೆ ಉದ್ದ ಕೊಂಬಿನಂಥ ಕಿರೀಟವಿರುವ ಪ್ಯಾರಸಾರೊಲೊಫಸ್ ಎಂಬ ಡೈನೊಸಾರಿನ ಬುರುಡೆ ಸಿಕ್ಕಿತು. ಅಲ್ಬುಕರ್ಕಿಯ ಆಸ್ಪತ್ರೆಯಲ್ಲಿ ಅದನ್ನು ಸ್ಕ್ಯಾನ್ ಮಾಡಿದರು. ಸಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದ ಕಂಪ್ಯೂಟರ್ ತಜ್ಞರು ಕಿರೀಟದೊಳಗಿನ ಸುರುಳಿ ಕೊಳವೆಗಳ ಮಾದರಿ ಕಟ್ಟಿ, ಅವುಗಳಲ್ಲಿ ಗಾಳಿ ಹಾಯ್ದರೆ ಏನು ಕೇಳಬಹುದೆಂದು ಲೆಕ್ಕ ಹಾಕಿದರು. 1997ರ ಕೊನೆಯಲ್ಲಿ ಲೋಕಕ್ಕೆ ಕೇಳಿಸಿದ ಆ ದನಿ ತಗ್ಗು ಸ್ಥಾಯಿಯ ಗಂಭೀರ ಗುನುಗು. ಆ ಪ್ರಾಣಿಗೆ ಧ್ವನಿಪೆಟ್ಟಿಗೆ ಇತ್ತೋ ಇಲ್ಲವೋ ಕಲ್ಲು ಹೇಳದ ಕಾರಣ ಅದನ್ನು ಒಂದು ಊಹೆಯೆಂದೇ ಕೇಳಬೇಕು. ಕೇಳಲು ಮಜವಾಗಿರುವುದಂತೂ ಹೌದು.

ದೊಡ್ಡ ಕಲ್ಲಿಗೆ ದೊಡ್ಡ ಯಂತ್ರ. ಶಿಕಾಗೋದ ಫೀಲ್ಡ್ ಮ್ಯೂಸಿಯಂ 1997ರ ಹರಾಜಿನಲ್ಲಿ ಸುಮಾರು 84 ಲಕ್ಷ ಡಾಲರಿಗೆ ಕೊಂಡ ಸ್ಯೂ ಎಂಬ ಟೈರನೊಸಾರಸ್‌ನ ತಲೆ ಯಾವ ಆಸ್ಪತ್ರೆಯ ಸ್ಕ್ಯಾನರಿನಲ್ಲೂ ತೂರುವಂಥದ್ದಲ್ಲ. ಅದು ಕ್ಯಾಲಿಫೋರ್ನಿಯಾದ ಬೋಯಿಂಗ್ ಕಂಪನಿಯ ರಾಕೆಟ್‌ಡೈನ್ ಪ್ರಯೋಗಾಲಯಕ್ಕೆ ಹೋಯಿತು. ಎಂಜಿನ್ ಭಾಗಗಳಲ್ಲಿ ಬಿರುಕು ಹುಡುಕುವ ಎಕ್ಸ್‌ರೇ ಯಂತ್ರ ಅಲ್ಲಿತ್ತು. 500 ಗಂಟೆಗೂ ಮಿಕ್ಕಿ ಅದು ಡೈನೊಸಾರಿನ ತಲೆಯನ್ನು ತಿರುಗಿಸಿ ತಿರುಗಿಸಿ ನೋಡಿತು. ಅದರಿಂದ ಕ್ರಿಸ್ ಬ್ರೋಚು ಕಟ್ಟಿದ ಮಿದುಳಿನ ಅಚ್ಚಿನಲ್ಲಿ ವಾಸನೆ ಹಿಡಿಯುವ ಭಾಗ ಎದ್ದು ಕಾಣುವಷ್ಟು ದೊಡ್ಡದಾಗಿತ್ತು.

ಇಷ್ಟರಲ್ಲಿ ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ತಿಮೊಥಿ ರೋವ್ ಈ ಕೆಲಸಕ್ಕೊಂದು ಮನೆ ಕಟ್ಟುತ್ತಿದ್ದರು. ಥ್ರಿನಾಕ್ಸೊಡಾನ್ ಎಂಬ ಸಸ್ತನಿಗಳ ಹಿರಿಯ ನೆಂಟನ ಬುರುಡೆಯ ಪೂರ್ತಿ ಸ್ಕ್ಯಾನನ್ನು 1993ರಲ್ಲಿ ಅವರ ತಂಡ ಸಿ.ಡಿ. ರೂಪದಲ್ಲಿ ಪ್ರಕಟಿಸಿತು. ಪಳೆಯುಳಿಕೆಯ ಜೊತೆಗೆ ಅದರ ಮೂಲ ದತ್ತಾಂಶವನ್ನೂ ಯಾರ ಕೈಗಾದರೂ ಕೊಡಬಹುದು ಎಂಬ ಯೋಚನೆ ಆಗ ಹೊಸದು. ಅದೇ ರೋವ್ ಅವರ ಬಳಿಗೆ 1999ರ ಜುಲೈ 29ರಂದು ಒಂದು ಚಪ್ಪಡಿ ಬಂತು.

ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಅಗೆದು, ಕದ್ದು ಸಾಗಿಸಿ, ಅಮೆರಿಕದ ಟೂಸಾನ್ ನಗರದ ರತ್ನ-ಕಲ್ಲುಗಳ ಸಂತೆಯಲ್ಲಿ 80,000 ಡಾಲರಿಗೆ ಮಾರಿದ ಮಾಲು ಅದು. ಮುಂದೆ ಹಕ್ಕಿಯ ಮೈ, ಹಿಂದೆ ಡೈನೊಸಾರಿನ ಬಾಲ. ಹಕ್ಕಿ ಮತ್ತು ಡೈನೊಸಾರಿನ ನಡುವಿನ ಕೊಂಡಿ ಸಿಕ್ಕಿಯೇಬಿಟ್ಟಿತು ಎಂದು ಕೊಂಡವರು ಹಿಗ್ಗಿದ್ದರು. ಸ್ಕ್ಯಾನರಿನಲ್ಲಿ ಕಂಡದ್ದು ಬೇರೆ. ಚಪ್ಪಡಿ ಒಂದು ಕಲ್ಲಲ್ಲ, 88 ತುಂಡುಗಳನ್ನು ಅಂಟಿಸಿ ಕೂಡಿಸಿದ ಜೋಡಣೆ. ಬಾಲ ಮತ್ತು ಮೈ ಎಲ್ಲಿ ಸೇರಬೇಕೋ ಅಲ್ಲಿ ಎಲುಬೇ ಇಲ್ಲ. ಎರಡು ಕಾಲುಗಳೆಂದು ಕಂಡದ್ದು ಒಂದೇ ಕಾಲಿನ ಚಪ್ಪಡಿ ಮತ್ತು ಅದರ ಪ್ರತಿಚಪ್ಪಡಿ. ಇದನ್ನು ರೋವ್ ಕೊಂಡವರಿಗೆ ಹೇಳಿದರು. ಆದರೂ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ ನವೆಂಬರ್ ಸಂಚಿಕೆಯಲ್ಲಿ ಆರ್ಕಿಯೊರಾಪ್ಟರ್ ಎಂಬ ಹೆಸರು ಕೊಟ್ಟು ಅದನ್ನು ಮೆರೆಸಿತು. ಬೀಜಿಂಗಿನ ಶೂ ಶಿಂಗ್ ಚೀನಾದಲ್ಲೇ ಇನ್ನೊಂದು ಚಪ್ಪಡಿಯಲ್ಲಿ ಅದೇ ಬಾಲದ ಪ್ರತಿಬಿಂಬ ಕಂಡು, ಅದು ಬೇರೊಂದು ಪುಟ್ಟ ಡೈನೊಸಾರಿಗೆ ಸೇರಿದ್ದೆಂದು ತೋರಿಸಿದ ಮೇಲೆಯೇ ಪತ್ರಿಕೆ ಮಾತು ಹಿಂದಕ್ಕೆ ತೆಗೆದುಕೊಂಡದ್ದು. ಬಾಲದ ಒಡೆಯ ಮೈಕ್ರೊರಾಪ್ಟರ್, ಮೈಯ ಒಡೆಯ ಯಾನೊರ್ನಿಸ್ ಎಂಬ ಹಕ್ಕಿ. ತಮಾಷೆಯೆಂದರೆ, ಎರಡೂ ಬಿಡಿಯಾಗಿದ್ದರೆ ಆ ಸುಳ್ಳು ಜೋಡಣೆಗಿಂತ ಹೆಚ್ಚು ಬೆಲೆಬಾಳುವ ಪಳೆಯುಳಿಕೆಗಳು. ಯಂತ್ರ ಜುಲೈಯಲ್ಲೇ ಹೇಳಿದ್ದನ್ನು ಮನುಷ್ಯರು ಕೇಳಿಸಿಕೊಂಡದ್ದು ಚಳಿಗಾಲದಲ್ಲಿ.

ಯಂತ್ರವೂ ಮೋಸ ಮಾಡುತ್ತದೆ, ಅಥವಾ ಅದರ ಚಿತ್ರ ಓದುವವರು ಮೋಸ ಹೋಗುತ್ತಾರೆ. 1993ರಲ್ಲಿ ದಕ್ಷಿಣ ಡಕೋಟದಲ್ಲಿ ಸಿಕ್ಕ ವಿಲೊ ಎಂಬ ಅಡ್ಡಹೆಸರಿನ ಥೆಸೆಲೊಸಾರಸ್ ಡೈನೊಸಾರಿನ ಎದೆಗೂಡಿನಲ್ಲಿ ಕಂದುಬಣ್ಣದ ಒಂದು ಗಂಟು ಇತ್ತು. ಸಿ.ಟಿ. ಚಿತ್ರ ನೋಡಿದವರಿಗೆ ಅದರಲ್ಲಿ ಕೋಣೆಗಳು, ಮಹಾಪಧಮನಿ ಕಂಡವು. ಹಕ್ಕಿಗಳಂತೆ ನಾಲ್ಕು ಕೋಣೆಯ ಹೃದಯ, ಹಾಗಿದ್ದರೆ ಬಿಸಿರಕ್ತ ಎಂದು 2000ದಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು, ಲೋಕವೆಲ್ಲ ಸುದ್ದಿಯಾಯಿತು. ಮರುವರ್ಷವೇ ರೋವ್ ಮತ್ತು ಸಂಗಡಿಗರು ಅದು ಕಬ್ಬಿಣದ ಅಂಶ ಗಟ್ಟಿಯಾಗಿ ಕೂತ ಕಲ್ಲುಗಂಟು ಎಂದು ವಾದಿಸಿದರು. 2011ರಲ್ಲಿ ಇನ್ನೂ ಸೂಕ್ಷ್ಮವಾದ ಸ್ಕ್ಯಾನ್ ಮತ್ತು ರಾಸಾಯನಿಕ ಪರೀಕ್ಷೆಗಳು ಹೃದಯದ ಪಕ್ಷಕ್ಕೆ ಬೆಂಬಲ ಕೊಡಲಿಲ್ಲ. ಬೂದುಬಣ್ಣದ ಚಿತ್ರದಲ್ಲಿ ಯಾವುದು ಅಂಗ, ಯಾವುದು ಮರಳು ಎಂದು ತೀರ್ಮಾನಿಸುವುದು ಇವತ್ತಿಗೂ ಕಣ್ಣಿನ ಕೆಲಸವೇ. ಆದರೆ ಸ್ಟಾಕ್‌ಹೋಮಿನ ಮೇಣದ ಮಾದರಿಗಳ ಕಾಲಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಗಂಟು ಮುಟ್ಟದೆ ಉಳಿದಿತ್ತು, ಜಗಳ ಬಂದಾಗ ಅದನ್ನೇ ಮತ್ತೊಮ್ಮೆ ಯಂತ್ರದಲ್ಲಿ ಇಡಬಹುದಿತ್ತು.

ಭಾರತದ ಮಟ್ಟಿಗೆ ಈ ಕತೆ ಸಾಗುವುದು ಮುಖ್ಯವಾಗಿ ಕಛ್‌ನ ಬಿಸಿಲಿನಲ್ಲಿ. ಗುಜರಾತಿನ ಆ ಒಣಸೀಮೆಯಲ್ಲಿ 4 ಕೋಟಿ ವರ್ಷಕ್ಕೂ ಹಿಂದೆ ಕಡಲಂಚಿನಲ್ಲಿ ಬಾಳಿದ ಆದಿ ತಿಮಿಂಗಿಲಗಳ ಎಲುಬುಗಳಿವೆ. ತಿಮಿಂಗಿಲ ನೆಲದ ಪ್ರಾಣಿಯಿಂದ ಬಂದದ್ದೆಂಬುದು ಹಳೆಯ ಮಾತು. ನೀರಿಗೆ ಎಷ್ಟು ಬೇಗ ಒಗ್ಗಿಕೊಂಡಿತೆಂಬುದೇ ಪ್ರಶ್ನೆ. ಉತ್ತರ ಅಡಗಿದ್ದದ್ದು ಕಿವಿಯೊಳಗೆ. ಒಳಕಿವಿಯ ಮೂರು ಅರ್ಧಚಂದ್ರಾಕಾರದ ನಾಳಗಳು ತಲೆಯ ತಿರುವನ್ನು ಗ್ರಹಿಸಿ ದೇಹದ ತೋಲ ಕಾಯುತ್ತವೆ. ಇಂದಿನ ತಿಮಿಂಗಿಲಗಳಲ್ಲಿ ಅವು ಎಷ್ಟು ಸಣ್ಣವೆಂದರೆ, ನೀಲಿ ತಿಮಿಂಗಿಲದ ನಾಳ ಮನುಷ್ಯರದ್ದಕ್ಕಿಂತ ಚಿಕ್ಕದು. ಫ್ರೆಡ್ ಸ್ಪೂರ್, ರೂರ್ಕಿಯ ಸುನಿಲ್ ಬಾಜಪೇಯಿ, ಹಾನ್ಸ್ ಥೆವಿಸ್ಸೆನ್ ಮತ್ತಿತರರು ಭಾರತ, ಪಾಕಿಸ್ತಾನದ ಆದಿ ತಿಮಿಂಗಿಲಗಳ ಕಿವಿಯೆಲುಬುಗಳನ್ನು ಸ್ಕ್ಯಾನ್ ಮಾಡಿ 2002ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಕೊಟ್ಟರು. ಅತಿ ಹಳೆಯವುಗಳಲ್ಲಿ ನಾಳ ನೆಲದ ಪ್ರಾಣಿಗಳಷ್ಟೇ ದೊಡ್ಡದು. ಕಛ್‌ನ ರೆಮಿಂಗ್ಟನೊಸೀಟಸ್ ಬಳಗಕ್ಕೆ ಬರುವ ಹೊತ್ತಿಗೆ ಸಣ್ಣದಾಗಿಬಿಟ್ಟಿದೆ. ಕಿವಿಯ ಬದಲಾವಣೆ ನಿಧಾನಕ್ಕಲ್ಲ, ವಿಕಾಸದ ಲೆಕ್ಕದಲ್ಲಿ ಧಾವಂತದಲ್ಲೇ ಆಗಿತ್ತು. ಕಿವಿಯೆಲುಬು ಇಡೀ ಅಸ್ಥಿಪಂಜರದಲ್ಲೇ ಅತಿ ಗಟ್ಟಿ, ಹಾಗಾಗಿ ಅದು ಉಳಿಯುತ್ತದೆ. ಅಷ್ಟೇ ಗಟ್ಟಿಯಾದ್ದರಿಂದ ಸ್ಕ್ಯಾನರ್ ಬರುವ ಮುಂಚೆ ಅದರೊಳಗನ್ನು ಕಾಣುವುದು ಕಷ್ಟವಾಗಿತ್ತು.

ಒಡೆಯುವುದರಿಂದಲೂ ಒಮ್ಮೊಮ್ಮೆ ಲಾಭವಾಗುತ್ತದೆ ಎಂಬುದಕ್ಕೂ ಇಲ್ಲಿಯದೇ ಉದಾಹರಣೆ ಇದೆ. ಭೂವಿಜ್ಞಾನಿ ಎ. ರಂಗರಾವ್ ಜಮ್ಮು-ಕಾಶ್ಮೀರದ ಕಾಲಾಕೋಟ್‌ನಲ್ಲಿ ಕೂಡಿಸಿಟ್ಟಿದ್ದ ಕಲ್ಲುಗಳು ಅವರ ಕಾಲಾನಂತರ ಥೆವಿಸ್ಸೆನ್ ಕೈಸೇರಿದವು. ಇಂಡೊಹಯಸ್ ಎಂಬ ಪುಟ್ಟ ಗೊರಸಿನ ಪ್ರಾಣಿಯ ಬುರುಡೆಯನ್ನು ಶುಚಿಮಾಡುವಾಗ ಕಿವಿಯ ಭಾಗ ಆಕಸ್ಮಿಕವಾಗಿ ಒಡೆಯಿತು. ಒಡೆದ ಅಂಚಿನಲ್ಲಿ ಕಂಡದ್ದು ತಿಮಿಂಗಿಲಗಳಿಗೆ ವಿಶಿಷ್ಟವಾದ ದಪ್ಪ ಎಲುಬು. 2007ರಲ್ಲಿ ಪ್ರಕಟವಾದ ಆ ಶೋಧ ಈ ಪ್ರಾಣಿಯನ್ನು ತಿಮಿಂಗಿಲಗಳ ಹತ್ತಿರದ ನೆಂಟನನ್ನಾಗಿ ಮಾಡಿತು. ಅದೃಷ್ಟವನ್ನು ವಿಧಾನವೆಂದು ಕರೆಯಲಾಗದು ಎಂಬುದು ಬೇರೆ ಮಾತು.

ಆಸ್ಪತ್ರೆಯ ಸ್ಕ್ಯಾನರ್ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಸಣ್ಣದನ್ನು ನೋಡಲು ಮೈಕ್ರೊ ಸಿ.ಟಿ. ಬಂತು. ಅದಕ್ಕೂ ಮೀರಿ ಹೋಗಲು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 844 ಮೀಟರ್ ಸುತ್ತಳತೆಯ ಉಂಗುರವಿದೆ. ಎಲೆಕ್ಟ್ರಾನುಗಳು ಬೆಳಕಿನ ವೇಗಕ್ಕೆ ಹತ್ತಿರವಾಗಿ ಸುತ್ತುತ್ತ ಅತಿ ಪ್ರಖರ ಎಕ್ಸ್‌ರೇ ಚೆಲ್ಲುವ ಸಿಂಕ್ರೊಟ್ರಾನ್ ಅದು. ಅಲ್ಲಿ ಪಾಲ್ ತಫೊರೊ ಬಳಸಿದ ವಿಧಾನ ಕಿರಣವನ್ನು ವಸ್ತು ಎಷ್ಟು ತಡೆಯಿತು ಎಂಬುದನ್ನು ಮಾತ್ರವಲ್ಲ, ಎಷ್ಟು ಬಾಗಿಸಿತು ಎಂಬುದನ್ನೂ ಹಿಡಿಯುತ್ತದೆ. ಎಲುಬು ಮತ್ತು ಸುತ್ತಲಿನ ಕಲ್ಲಿನ ಸಾಂದ್ರತೆ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಗಡಿ ಕಾಣುತ್ತದೆ. ಬ್ರಾಂಕೊ ಕಾಲದಿಂದ ಕಾಡಿದ ತೊಡಕು ಬಿಡಿಸಿದ್ದು ಇಲ್ಲಿ.

ಫ್ರಾನ್ಸಿನ ಶರಾಂತ್ ಸೀಮೆಯಲ್ಲಿ ಸಿಗುವ ಸುಮಾರು 10 ಕೋಟಿ ವರ್ಷ ಹಳೆಯ ಆಂಬರ್ ಬಹುಪಾಲು ಅಪಾರದರ್ಶಕ. ಒಳಗೆ ಕೀಟವಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಗ್ರೆನೋಬಲ್‌ನಲ್ಲಿ 640 ತುಂಡುಗಳನ್ನು ಕಿರಣಕ್ಕೆ ಒಡ್ಡಿದಾಗ 356 ಜೀವಿಗಳು ಹೊರಬಿದ್ದವು. ಕಣಜ, ನೊಣ, ಇರುವೆ, ಜೇಡ. 2008ರ ಈ ಸುದ್ದಿ ಬರುವ ತನಕ ಅಂಥ ಆಂಬರನ್ನು ಪ್ರಯೋಜನವಿಲ್ಲದ್ದೆಂದು ಪಕ್ಕಕ್ಕಿಡುವುದೇ ರೂಢಿಯಾಗಿತ್ತು.

ಇನ್ನೊಂದು ಕತೆ ದಕ್ಷಿಣ ಆಫ್ರಿಕಾದ ಕಾರೂ ಬಯಲಿನದು. 1975ರಲ್ಲಿ ಜೇಮ್ಸ್ ಕಿಚಿಂಗ್ ಅಲ್ಲಿ ಸುಮಾರು 25 ಕೋಟಿ ವರ್ಷ ಹಿಂದಿನ, ಹೂಳು ತುಂಬಿ ಕಲ್ಲಾದ ಒಂದು ಬಿಲವನ್ನು ಎತ್ತಿತಂದಿದ್ದರು. ಹೊರಗೆ ಎಲುಬಿನ ತುಣುಕು ಮಾತ್ರ ಇಣುಕುತ್ತಿತ್ತು. ದಶಕಗಳ ಮೇಲೆ ಗ್ರೆನೋಬಲ್‌ನ ಕಿರಣ ಹಾಯ್ದಾಗ ಒಳಗೆ ಒಂದಲ್ಲ, ಎರಡು ಅಸ್ಥಿಪಂಜರಗಳು ಕಂಡವು. ಒಂದು ಥ್ರಿನಾಕ್ಸೊಡಾನ್, ಸುರುಳಿ ಸುತ್ತಿ ಮಲಗಿದ್ದು. ಅದರ ಪಕ್ಕದಲ್ಲಿ ಬೆನ್ನಡಿಯಾಗಿ ಬಿದ್ದಿರುವ ಬ್ರೂಮಿಸ್ಟೆಗ ಎಂಬ ಉಭಯಜೀವಿ. ಅದರ ಪಕ್ಕೆಲುಬುಗಳು ಮುರಿದು ಕೂಡಿಕೊಳ್ಳತೊಡಗಿದ್ದವು. ಅದರ ಮೇಲೆ ಥ್ರಿನಾಕ್ಸೊಡಾನ್ ಹಲ್ಲಿನ ಗುರುತಿಲ್ಲ. ಗಾಯಗೊಂಡ ಒಂದು ಪ್ರಾಣಿ, ಬೇಸಿಗೆಯ ದೀರ್ಘನಿದ್ರೆಯಲ್ಲಿದ್ದ ಇನ್ನೊಂದರ ಬಿಲಕ್ಕೆ ನುಗ್ಗಿ ಆಸರೆ ಪಡೆದಿತ್ತು, ಆಮೇಲೆ ನೆರೆಯ ಹೂಳು ಎರಡನ್ನೂ ಮುಚ್ಚಿತು ಎಂದು 2013ರಲ್ಲಿ ತಂಡ ಬರೆಯಿತು. ಸುತ್ತಿಗೆ ಉಳಿ ಹಿಡಿದು ಬಿಡಿಸಿದ್ದರೆ ಎಲುಬುಗಳು ಸಿಗುತ್ತಿದ್ದವು, ಅವು ಮಲಗಿದ್ದ ರೀತಿ ಹೀಗೆ ಸಿಗುತ್ತಿತ್ತೋ ಇಲ್ಲವೋ.

ಯಾರ್ವಿಕ್ ತೇಯ್ದ ಯೂಸ್ತೆನೊಪ್ಟೆರಾನ್ ಬಳಗದ ಇನ್ನೊಂದು ಮೀನು ಕೂಡ ಗ್ರೆನೋಬಲ್‌ಗೆ ಬಂತು. 2014ರಲ್ಲಿ ಸೋಫಿ ಸಾಂಚೆಸ್ ಮತ್ತು ಸಂಗಡಿಗರು ಆ ಮೀನಿನ ರೆಕ್ಕೆಯ ತೋಳೆಲುಬಿನಲ್ಲಿ ಮಜ್ಜೆ ಇದ್ದ ಕಾಲುವೆಗಳನ್ನು ತೋರಿಸಿದರು. ಅಷ್ಟು ಸಣ್ಣದನ್ನು ಹಿಡಿಯುವ ಶಕ್ತಿ ಮೇಣಕ್ಕೆ ಇರಲಿಲ್ಲ. ಆರ್ಕಿಯೊರಾಪ್ಟರಿನ ಪಾಠವೂ ನೆನಪಿನಲ್ಲಿ ಉಳಿದಿತ್ತು. ಮಂಗೋಲಿಯಾದಿಂದ ಕದ್ದು ಸಾಗಿಸಿದ್ದ, ಹಂಸದ ಕೊರಳಿನ ವಿಚಿತ್ರ ಡೈನೊಸಾರೊಂದು ಯುರೋಪಿನಲ್ಲಿ ಕಾಣಿಸಿಕೊಂಡಾಗ ಅದನ್ನು ಮೊದಲು ಸಿಂಕ್ರೊಟ್ರಾನಿಗೇ ಒಯ್ದರು. ಇಡೀ ಅಸ್ಥಿಪಂಜರ ಒಂದೇ ಪ್ರಾಣಿಯದ್ದೆಂದು ಖಾತ್ರಿಯಾದ ಮೇಲೆಯೇ 2017ರಲ್ಲಿ ಹಾಲ್ಶ್ಕರಾಪ್ಟರ್ ಎಂಬ ಹೆಸರು ಅದಕ್ಕೆ ದಕ್ಕಿತು.

ಯಂತ್ರ ಕೆಲವೇ ಗಂಟೆಗಳಲ್ಲಿ ಮುಗಿಸುವ ಕೆಲಸದ ಹಿಂದೆ ಇನ್ನೊಂದು ಕೆಲಸವಿದೆ, ಅದರ ಬಗ್ಗೆ ಸುದ್ದಿಗಳಲ್ಲಿ ಬರುವುದು ಕಡಿಮೆ. ಸ್ಕ್ಯಾನ್ ಕೊಡುವುದು ಸಾವಿರಾರು ಬೂದು ಚಿತ್ರಗಳ ರಾಶಿ. ಅದರಲ್ಲಿ ಇದು ಎಲುಬು, ಇದು ಕಲ್ಲು ಎಂದು ಪದರ ಪದರವಾಗಿ ಗುರುತು ಹಾಕುತ್ತ ಹೋಗುವುದು ಸಂಶೋಧನಾ ವಿದ್ಯಾರ್ಥಿಗಳ ಪಾಲು. ಒಂದು ಬುರುಡೆಗೆ ತಿಂಗಳುಗಳೇ ಹಿಡಿಯುತ್ತವೆ. ಸೂಕ್ಷ್ಮದರ್ಶಕದ ಬದಲು ಪರದೆ, ಪೆನ್ಸಿಲಿನ ಬದಲು ಮೌಸು. ಕಂಪ್ಯೂಟರಿಗೇ ಗುರುತಿಸುವುದನ್ನು ಕಲಿಸುವ ಯತ್ನಗಳು ಇತ್ತೀಚೆಗೆ ಚುರುಕಾಗಿವೆ, ಆದರೂ ಕೊನೆಯ ತಿದ್ದುಪಡಿ ಕೈಯಿಂದಲೇ.

ಸ್ಕ್ಯಾನುಗಳ ಇನ್ನೊಂದು ಬೆಲೆ ತಿಳಿದದ್ದು ಬೆಂಕಿಯಿಂದ. 1944ರ ಏಪ್ರಿಲಿನಲ್ಲಿ ಮ್ಯೂನಿಕ್ ಮೇಲೆ ಬಾಂಬು ಬಿದ್ದಾಗ ಅರ್ನ್‌ಸ್ಟ್ ಸ್ಟ್ರೋಮರ್ ಈಜಿಪ್ಟಿನಿಂದ ತಂದಿದ್ದ ಸ್ಪೈನೊಸಾರಸ್ ಎಲುಬುಗಳು ಸುಟ್ಟವು. ಉಳಿದದ್ದು ಚಿತ್ರ ಮತ್ತು ಕೆಲವು ಫೋಟೊ. 2018ರ ಸೆಪ್ಟೆಂಬರ್ 2ರ ರಾತ್ರಿ ರಿಯೊ ಡಿ ಜನೈರೊದ ರಾಷ್ಟ್ರೀಯ ಮ್ಯೂಸಿಯಂ ಉರಿದುಹೋಯಿತು. ಅಲ್ಲಿ ಲೂಜಿಯಾ ಎಂದು ಹೆಸರಾದ, 11,000 ವರ್ಷಕ್ಕೂ ಹಳೆಯ ಹೆಂಗಸಿನ ತಲೆಬುರುಡೆಯೂ ಇತ್ತು. ಅದರ ಮೂರು ಆಯಾಮದ ಡಿಜಿಟಲ್ ಮಾದರಿ ಮೊದಲೇ ಆಗಿತ್ತು. ಅವಶೇಷಗಳಲ್ಲಿ ಬುರುಡೆಯ ತುಂಡುಗಳು ಸಿಕ್ಕಾಗ ಹೋಲಿಸಿ ನೋಡಲು ಕಂಪ್ಯೂಟರಿನಲ್ಲಿ ಪೂರ್ಣರೂಪ ಇತ್ತು.

ಹಾಗೆಂದು ಎಕ್ಸ್‌ರೇ ಹಾಯ್ದ ಕಲ್ಲು ಎಳ್ಳಷ್ಟೂ ಬದಲಾಗುವುದಿಲ್ಲ ಎನ್ನುವುದೂ ಸರಿಯಲ್ಲ. ಹಲ್ಲಿನ ಎನಾಮಲ್ ಸಾವಿರಾರು ವರ್ಷಗಳಲ್ಲಿ ನೆಲದ ವಿಕಿರಣವನ್ನು ಎಷ್ಟು ಹೀರಿಕೊಂಡಿದೆ ಎಂದು ಅಳೆದು ವಯಸ್ಸು ತಿಳಿಯುವ ಎಲೆಕ್ಟ್ರಾನ್ ಸ್ಪಿನ್ ಅನುರಣನ ಎಂಬ ವಿಧಾನವಿದೆ. ಸ್ಕ್ಯಾನರಿನ ಕಿರಣ ಆ ಲೆಕ್ಕಕ್ಕೆ ತನ್ನದನ್ನೂ ಸೇರಿಸಿಬಿಡುತ್ತದೆ, ವಯಸ್ಸು ತಪ್ಪುತ್ತದೆ. ಪುರಾತನ ಎಲುಬಿನಲ್ಲಿ ಉಳಿದ ಡಿ.ಎನ್.ಎ. ಮೇಲಿನ ಪರಿಣಾಮವನ್ನು 2016ರಲ್ಲಿ ಒಂದು ತಂಡ ಪರೀಕ್ಷಿಸಿತು. ಸಾಮಾನ್ಯ ಸ್ಕ್ಯಾನಿನಿಂದ ಗುರುತಿಸಬಹುದಾದ ಹಾನಿಯಿಲ್ಲ, ವಿಕಿರಣದ ಪ್ರಮಾಣ 2000 ಗ್ರೇ ಮೀರಿದರೆ ಡಿ.ಎನ್.ಎ. ಎಳೆಗಳು ಕೆಡುತ್ತವೆ ಎಂದು ಕಂಡಿತು. ಸಿಂಕ್ರೊಟ್ರಾನಿನ ಪ್ರಖರ ಕಿರಣಕ್ಕೆ ಆ ಮಿತಿ ದಾಟುವುದು ಕಷ್ಟವೇನಲ್ಲ. ಹೀಗಾಗಿ ಆದಿಮಾನವರ ಹಲ್ಲು, ಎಲುಬುಗಳ ವಿಷಯದಲ್ಲಿ ಡಿ.ಎನ್.ಎ.ಗೂ ಕಾಲನಿರ್ಣಯಕ್ಕೂ ಬೇಕಾದ ಚೂರನ್ನು ಮೊದಲೇ ತೆಗೆದಿಟ್ಟು ಆಮೇಲೆ ಸ್ಕ್ಯಾನಿಗೆ ಕಳಿಸುವುದು, ಯಾವ ಯಂತ್ರದಲ್ಲಿ ಎಷ್ಟು ಕಿರಣ ತಗುಲಿತು ಎಂಬುದನ್ನು ಆ ಮಾದರಿಯ ದಾಖಲೆಯಲ್ಲೇ ಬರೆದಿಡುವುದು ಜಾಣತನ.